ಶುಗರ್ ಇಳಿದ ಭಾನುವಾರ

ನಮ್ಮ ಮನೆತನದಲ್ಲಿ ಆಸ್ತಿಗಿಂತ ಸಕ್ಕರೆ ಕಾಯಿಲೆಯೇ ಸರಿಯಾಗಿ ಪಾಲಾಗಿದೆ. ಭಾನುವಾರ ಬೆಳಿಗ್ಗೆ ಎಲ್ಲರೂ ಖಾಲಿ ಹೊಟ್ಟೆಯಲ್ಲಿ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದು, ಸರದಿಯಂತೆ ಬೆರಳು ಚುಚ್ಚಿಸಿಕೊಳ್ಳುತ್ತಿದ್ದರು. ಯಾರ ಶುಗರ್ ಎಲ್ಲರಿಗಿಂತ ಕಡಿಮೆಯೋ ಅವರಿಗೆ ಬೆಣ್ಣೆ ದೋಸೆ, ಉಳಿದವರಿಗೆ ಗೋಧಿ ರವೆ ಉಪ್ಪಿಟ್ಟು. ಈ ನ್ಯಾಯ ಯಾರು ತಂದರೋ, ಕೇಳಿದವರಿಲ್ಲ.

ಕಳೆದ ಮಳೆಗಾಲದ ಒಂದು ಭಾನುವಾರ ಗುತ್ತೂರಿನ ಚಿಕ್ಕಪ್ಪ ಜ್ವರದಲ್ಲೇ ಬಂದರು. ಹೊಲದಲ್ಲಿ ತಂತಿ ತರಚಿ ಕಾಲಿಗಾದ ಗಾಯ ಕೀವುಗಟ್ಟಿತ್ತು. ಊಟ ಸೇರದೆ, ಶುಗರ್ ಮಾತ್ರೆಯನ್ನೂ ಬಿಟ್ಟು, ಬರೀ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದರು. ಆ ದಿನ ಅವರದೇ ಕಡಿಮೆ ಬಂತು, ತೀರಾ ಕಡಿಮೆ.

"ಗುಳಿಗಿ ಬಿಟ್ರೂ ಇಳೀತಲ್ಲೋ! ಕಷಾಯ ಅಂದ್ರೆ ಹಿಂಗಿರ್ಬೇಕು" ಎಂದು ಅಪ್ಪ ತೊಡೆ ತಟ್ಟಿದರು. ನಾವೆಲ್ಲ ಚಪ್ಪಾಳೆ ಹೊಡೆದೆವು. ದೋಸೆ ಬಂತು. ಚಿಕ್ಕಪ್ಪನಿಗೆ ತುತ್ತು ಎತ್ತಲಾಗಲಿಲ್ಲ. ಮೈಯೆಲ್ಲ ತಣ್ಣಗೆ ಬೆವರಿ, ಮಾತು ತೊದಲಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದರು: "ಸೋಂಕಿದ್ರೆ ಶುಗರ್ ಸಾಮಾನ್ಯವಾಗಿ ಏರತೈತ್ರಿ. ಇಳಿದೈತೆ ಅಂದ್ರೆ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರಿ ಲಿವರನ್ನ ಕೆಡಿಸೈತೆ. ಜೀವಕ್ಕೇ ಅಪಾಯ."

ಉಪವಾಸವಿದ್ದಾಗ ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದಂತೆ. ಅದು ಮುಗಿದರೆ ಹೊಸದನ್ನು ತಯಾರಿಸುತ್ತದಂತೆ. ಚಿಕ್ಕಪ್ಪನಲ್ಲಿ ಕೂಡಿಟ್ಟದ್ದು ಮುಗಿದಿತ್ತು, ತಯಾರಿಕೆಯನ್ನು ವಿಷ ನಿಲ್ಲಿಸಿತ್ತು. ಮೈ ಮಾತ್ರ ಸೋಂಕಿನೊಡನೆ ಹೋರಾಡುತ್ತ ಇದ್ದಬದ್ದ ಸಕ್ಕರೆಯನ್ನೂ ಉರಿಸುತ್ತಿತ್ತು. ನಾವು ಚಪ್ಪಾಳೆ ಹೊಡೆದದ್ದು ಇದಕ್ಕೆ.

ನರ್ಸ್ ಗ್ಲೂಕೋಸ್ ಬಾಟಲಿ ತಂದಾಗ ಅಪ್ಪ ಅಡ್ಡ ನಿಂತರು. "ಶುಗರ್ ಇದ್ದೋರಿಗೆ ಸಕ್ಕರೆ ನೀರು ಹಾಕ್ತೀರೇನ್ರಿ? ಬ್ಯಾಡ." ಇಷ್ಟು ವರ್ಷ ಅಪ್ಪನ ಎದುರು ತಲೆ ಎತ್ತಿ ಮಾತಾಡದಿದ್ದ ಚಿಕ್ಕಮ್ಮ ಅವರ ಕೈ ಹಿಡಿದು ಪಕ್ಕಕ್ಕೆ ಸರಿಸಿದರು.

"ಭಾವ, ನೀವು ಸುಮ್ನಿರ್ರಿ. ಹಾಕ್ರಿ ಸಿಸ್ಟರ್."

ಡ್ರಿಪ್ ಹಾಕಿದರು, ಗಾಯ ಕೊಯ್ದು ತೊಳೆದರು, ಕಾಲಿನ ಎರಡು ಬೆರಳು ತೆಗೆದರು. ಮೂತ್ರಪಿಂಡಕ್ಕೂ ಪೆಟ್ಟಾಗಿದೆ ಎಂದರು. ಕಾಯುವುದಷ್ಟೇ ನಮ್ಮ ಕೆಲಸವಾಯಿತು. ಅಪ್ಪ ಬಾಗಿಲ ಬಳಿ ಕುಳಿತವರು ಊಟಕ್ಕೂ ಏಳಲಿಲ್ಲ.

ಕೆಲವು ದಿನಗಳ ಮೇಲೆ, ಡ್ರಿಪ್ ತೆಗೆದ ಮಧ್ಯಾಹ್ನ, ನರ್ಸ್ ಬಂದು ಬೆರಳು ಚುಚ್ಚಿ ನೋಡಿದರು. "ಡ್ರಿಪ್ ಇಲ್ದೇನೂ ಶುಗರ್ ಏರೈತಲ್ರಿ, ಲಿವರ್ ಚೇತರಿಸ್ಕೊಂಡೈತೆ. ಇನ್ನು ಇನ್ಸುಲಿನ್ ಶುರು ಮಾಡ್ಬೇಕು" ಎಂದರು.

ಅಪ್ಪ ಆ ಮಾತು ಕೇಳಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

"ಏರ್ಲಿ ಬಿಡವ್ವ, ಏರ್ಲಿ" ಎಂದರು.