ಫ್ರಿಜ್ಜಿನ ಹಣೆ

ಮಾವ ತೀರಿಹೋದ ವರ್ಷ ಅತ್ತೆ ದೆಹಲಿಯ ನಮ್ಮ ಆರ್.ಕೆ.ಪುರಂ ಕ್ವಾರ್ಟರ್ಸಿಗೆ ಬಂದರು. ಆಯುಧಪೂಜೆಯ ದಿನ ಕುಂಕುಮದ ಬಟ್ಟಲನ್ನು ನನ್ನ ಕಡೆಗೆ ಸರಿಸಿ, "ನೀನೇ ಇಡಮ್ಮಾ, ನಾನು ಮುಟ್ಟಬಾರದು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನೀವಿಡದಿದ್ದರೆ ಈ ಮನೆಯಲ್ಲಿ ಪೂಜೆಯೇ ಬೇಡ ಎಂದು ಹಟ ಹಿಡಿದೆ. ಕೊನೆಗೆ ಅವರು ನಡುಗುವ ಬೆರಳಿನಿಂದ ಮಿಕ್ಸಿಗೆ, ಸ್ಕೂಟರಿಗೆ ಗಂಧ, ಕುಂಕುಮ ಇಟ್ಟರು. ಫ್ರಿಜ್ಜಿಗೆ ಮಾತ್ರ ಬಾಗಿಲು ತೆರೆದು, ಒಳಗೆ ಐಸ್ ಮಾಡುವ ಕಡೆಗೇ ಇಟ್ಟರಂತೆ, ಕೆಲಸ ಮಾಡುವುದು ಅದಲ್ಲವಾ ಎಂದು. ಅದು ನನಗೆ ಆಮೇಲೆ ತಿಳಿದದ್ದು.

ಆ ಫ್ರಿಜ್ಜು ದೆಹಲಿ ಬಿಟ್ಟು ಹೊರಟಿದ್ದ ವಿದೇಶಿ ಕುಟುಂಬವೊಂದರಿಂದ ಕೊಂಡದ್ದು. ತಾನೇ ನೀರು ತುಂಬಿಕೊಂಡು, ತಾನೇ ಐಸ್ ಮಾಡಿ, ಡಬ್ಬಕ್ಕೆ ಉದುರಿಸುತ್ತಿತ್ತು. ಪೂಜೆಯ ಮರುದಿನದಿಂದ ಒಂದು ತುಂಡೂ ಬೀಳಲಿಲ್ಲ. ನಾನು ನೀರಿನ ಪೈಪು ಬಿಚ್ಚಿ ನೋಡಿದೆ, ಸ್ವಿಚ್ಚು ಆರಿಸಿ ಹಾಕಿದೆ. ಒಳಗಿನ ಸಣ್ಣ ದೀಪ ಮಿಟುಕಿದರೆ ಸೆನ್ಸರ್ ದೋಷ ಎಂದು ಜತೆಗೆ ಬಂದ ಪುಸ್ತಕದಲ್ಲಿತ್ತು. ದೀಪ ಮಿಟುಕುತ್ತಲೇ ಇತ್ತು. ಅತ್ತೆ ಮಾತ್ರ ಬೇರೆಯೇ ಕಾರಣ ಕಂಡುಕೊಂಡಿದ್ದರು.

"ನನ್ನ ಕೈ ಕಣೇ. ನಾನು ಹೇಳಲಿಲ್ಲವಾ?"

ಅಂದಿನಿಂದ ಅವರು ದೇವರ ಗೂಡಿನ ಹತ್ತಿರವೂ ಸುಳಿಯಲಿಲ್ಲ.

ಮೆಕ್ಯಾನಿಕ್ ಭಯ್ಯಾ ಬಂದು ಫ್ರೀಜರಿನೊಳಗೆ ತಲೆ ತೂರಿಸಿದ. ಗೋಡೆಯಲ್ಲಿ ಕಡಲೆಕಾಳಿನಷ್ಟು ಗಾಜು, ಅದರ ಮೇಲೆ ಹಿಮ, ಹಿಮದಡಿಯಲ್ಲಿ ಕೆಂಪು. ಅದು ಕುಂಕುಮವೆಂದು ನನಗೆ ಆಗಲೇ ಗೊತ್ತಾಯಿತು. ಸದ್ಯ, ಭಯ್ಯಾ ಏನೇ ಹೇಳಿದರೂ ಅತ್ತೆಗೆ ಹಿಂದಿ ಬಾರದು ಎಂದುಕೊಂಡೆ. ಆದರೆ ಅವರು ನನ್ನ ಹಿಂದೆಯೇ ನಿಂತಿದ್ದರು. ಕೆಂಪು ನೋಡಲು ಹಿಂದಿ ಬೇಕಿರಲಿಲ್ಲ.

ಭಯ್ಯಾ ಒದ್ದೆ ಬಟ್ಟೆಯಿಂದ ಒರೆಸಿ, ತನ್ನ ಹೊಸ ಕ್ಯಾಮೆರಾ ಮೊಬೈಲನ್ನು ಅಲ್ಲಿಗೆ ಹಿಡಿದ. "ದೇಖಿಯೇ ಮಾತಾಜಿ." ಬರಿಗಣ್ಣಿಗೆ ಏನೂ ಇಲ್ಲ. ಮೊಬೈಲಿನ ಪರದೆಯಲ್ಲಿ ಮಾತ್ರ ಆ ಗಾಜಿನಿಂದ ನೇರಳೆ ಬೆಳಕು ಹೊಮ್ಮುತ್ತಿತ್ತು! ಈ ಬೆಳಕು ಎದುರು ಗೋಡೆಗೆ ತಲುಪಿದರೆ ಡಬ್ಬ ಖಾಲಿ ಎಂದು ಐಸ್ ಮಾಡುತ್ತದಂತೆ, ಅಡ್ಡ ಏನಾದರೂ ಬಂದರೆ ತುಂಬಿದೆ ಎಂದು ನಿಲ್ಲಿಸುತ್ತದಂತೆ. ದಿನಾ ಬಟಾಣಿ ಪೊಟ್ಟಣ ತೆಗೆದಿಡುವ ಜಾಗದಲ್ಲಿ ಇಂಥ ಬೆಳಕಿತ್ತೇ ಎಂದು ನಾನು ಬೆರಗಾಗಿ ನಿಂತೆ. ಅತ್ತೆಯಂತೂ ಮೊಬೈಲನ್ನು ತಾವೇ ಇಸಿದುಕೊಂಡು, ಆ ಕಡೆ ಈ ಕಡೆ ಸರಿಸಿ ಮತ್ತೆ ಮತ್ತೆ ನೋಡಿದರು.

"ಮಾತಾಜಿ ನೇ ಆಂಖ್ ಮೇ ಟೀಕಾ ಲಗಾ ದಿಯಾ," ಎಂದು ಭಯ್ಯಾ ನಕ್ಕ.

"ಏನಂತೆ?" ಎಂದರು ಅತ್ತೆ.

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಹೇಳಲಾಗಲಿಲ್ಲ. "ನೀವು ಅದರ ಕಣ್ಣಿಗೆ ಕುಂಕುಮ ಇಟ್ಟುಬಿಟ್ಟಿದ್ದೀರಂತೆ."

ಅತ್ತೆ ಬಗ್ಗಿ ಆ ಗಾಜನ್ನು ಇನ್ನೊಮ್ಮೆ ನೋಡಿದರು. "ಅಯ್ಯೋ ಪಾಪ, ಕಣ್ಣಿಗಿಟ್ಟರೆ ಅದಕ್ಕೆ ಹೇಗೆ ಕಾಣಬೇಕು!" ಎಂದು ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ಮಾವ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಡಬ್ಬಕ್ಕೆ ಐಸ್ ದಡಬಡ ಬಿದ್ದ ಸದ್ದಾಯಿತು. ಅತ್ತೆ ಎದ್ದು ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದರು.

"ಹಣೆ ಎಲ್ಲಿದೆ ತೋರಿಸೇ ಇದಕ್ಕೆ."

ಬಾಗಿಲಿನ ಮೇಲ್ಭಾಗ ತೋರಿಸಿದೆ. ಇಟ್ಟರು. ಬೆರಳು ನಡುಗಲಿಲ್ಲ.