ದುಪ್ಪಟಿ ತುಂಬಿದ ಡಬ್ಬಿ

ಇವತ್ತು ಮಾಡಿದ ಕೆಲಸ ಹೇಳುತ್ತೇನೆ, ಕೇಳಿ. ಎದ್ದ ಕೂಡಲೇ ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ಅವ್ವನ ತಲೆ ಬಾಚಿ, ಬಿಸಿಲು ಬೀಳುವ ಕಡೆ ಕುರ್ಚಿ ಹಾಕಿ ಕೂರಿಸಿದೆ. ಸಂತೇಬೆನ್ನೂರು ಸಂತೆಯಿಂದ ತಂದ ಜೋಳ ಕೇರಿ ಕಲ್ಲು ಆರಿಸಿದೆ. ಎರಡು ಬಕೆಟ್ ಬಟ್ಟೆ ಒಗೆದೆ. ನಮ್ಮ ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ಸಂಜೆ ಸೈಕಲ್ ತೆಗೆದು ಗಿರಣಿಗೆ ಹೋಗಬೇಕೆಂದು ಸೆರಗು ಸಿಕ್ಕಿಸುವಷ್ಟರಲ್ಲಿ, ಜೋಳದ ಡಬ್ಬಿಯೇ ಕಾಣಲಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಮೊನ್ನೆ ಹೊಸ ಗಿರಣಿಯೊಂದು ಶುರುವಾಗಿದೆ. ಇವರೇ ಡಬ್ಬಿ ಹೊತ್ತುಕೊಂಡು ಹೋಗಿ, ಹಿಟ್ಟು ಮಾಡಿಸಿ, ನಾನು ಹುಡುಕಾಡುತ್ತಿರುವಾಗಲೇ ತಂದು ಅಡುಗೆಮನೆಯಲ್ಲಿ ಇಟ್ಟರು.

"ನೋಡು, ಎಷ್ಟು ಹತ್ರ ಆತು. ಇನ್ನು ಆ ಸೈಕಲ್ ಯಾಕೆ, ಯಾರಿಗಾದ್ರೂ ಕೊಟ್ಟುಬಿಡಾನ," ಎಂದರು.

ನಾನು ಮುಚ್ಚಳ ತೆಗೆದೆ. ಬಿಸಿ ಹಿಟ್ಟಿನ ವಾಸನೆ ಮುಖಕ್ಕೆ ಬಂತು. ಹೊಸದಾಗಿ ಬೀಸಿದ ಜೋಳದ ಹಿಟ್ಟು ಎಂದಾದರೂ ಮೂಸಿ ನೋಡಿದ್ದೀರಾ? ಸ್ವಲ್ಪ ಸುಟ್ಟ ಹಾಗೆ, ಸ್ವಲ್ಪ ಮಳೆ ಬಿದ್ದ ಮಣ್ಣಿನ ಹಾಗೆ ಇರುತ್ತದೆ. ಅದು ಮೂಗಿಗೆ ತಾಕಿದರೆ ನನಗೆ ಹೊನ್ನಾಳಿ ನೆನಪಾಗುತ್ತದೆ. ಹೊನ್ನಾಳಿಯ ಜೊತೆಗೆ ಬುಡೇನ್ ಸಾಬರು, ಅವರ ಮೂಟೆ ತೂಗುವ ತಕ್ಕಡಿ, ಅದರ ಮೇಲೆ ಕಣ್ಣು ಮುಚ್ಚಿ ನಿಂತ ನಾನು.

ಎಪ್ಪತ್ತೊಂಬತ್ತನೇ ಇಸವಿ ಇರಬೇಕು. ಇವರಿಗೆ ಆಗ ಹೊನ್ನಾಳಿಯಲ್ಲಿ ಕೆಲಸ. ನನಗೆ ಮೂವತ್ತಮೂರು ವಯಸ್ಸು, ಎರಡು ಮಕ್ಕಳು, ಮೂರು ಹೆಜ್ಜೆಗೊಮ್ಮೆ ಏದುಸಿರು. ತಲೆನೋವು ಅಂತ ಶಿವಮೊಗ್ಗಕ್ಕೆ ಹೋದರೆ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿ.ಪಿ. ಜಾಸ್ತಿ ಇದೆ ಎಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದರು. ಅವ್ವನಿಗೆ ಲಕ್ವ ಹೊಡೆದ ವಿಷಯ ಹೇಳಿದೆ. ಎಷ್ಟನೇ ವಯಸ್ಸಿಗೆ ಎಂದರು. ನಲವತ್ತೆರಡು ಎಂದೆ. ಅವರು ನನ್ನನ್ನು ತಲೆಯಿಂದ ಪಾದದವರೆಗೆ ಒಂದು ಸಲ ನೋಡಿ, ತಾಯಿಯವರೂ ಹೀಗೇ ದಪ್ಪ ಇದ್ದರೇ ಎಂದು ಕೇಳಿದರು. ಹೀಗೇ ಎಂದೆ. "ಹಾಗಾದ್ರೆ ನಿಮಗೆ ಒಂಬತ್ತು ವರ್ಷ ಟೈಮ್ ಇದೆ. ಹತ್ತು ಕೆಜಿ ಇಳಿಸಿ," ಎಂದು ಚೀಟಿ ಬರೆದರು.

ಬಸ್ಸಿನಲ್ಲಿ ಬರುವಾಗ ನಾನು ಬಲಗೈಯನ್ನೇ ನೋಡುತ್ತಾ ಕುಳಿತಿದ್ದೆ. ಅವ್ವನಿಗೆ ಹೋದದ್ದು ಬಲಗೈ. ನ್ಯಾಮತಿಯಲ್ಲಿ ಅವಳಷ್ಟು ತೆಳ್ಳಗೆ, ಅಷ್ಟು ಅಗಲಕ್ಕೆ ರೊಟ್ಟಿ ಬಡಿಯುವವರು ಇರಲಿಲ್ಲ. ಒಂದು ಬೆಳಿಗ್ಗೆ ಬಡಿಯುತ್ತಿದ್ದ ಕೈ ಹಿಟ್ಟಿನ ಮೇಲೇ ನಿಂತುಬಿಟ್ಟಿತು. ಮಾತೂ ತೊದಲಿತು. ಕೈ ಬಾತುಕೊಂಡಾಗ ಅದರಲ್ಲಿದ್ದ ಚಿನ್ನದ ಬಳೆ ತೆಗೆದು ನನ್ನ ಬಲಗೈಗೆ ಹಾಕಿಸಿದಳು. ನನ್ನ ಕೈಯೂ ಅವಳದೇ ಅಚ್ಚು. ಸೋಪು ಹಚ್ಚಿ ಏರಿಸಿದ್ದು, ಮತ್ತೆ ಈಚೆಗೆ ಬರಲಿಲ್ಲ.

ಸೈಕಲ್ಲಿನ ಯೋಚನೆ ಬಂದದ್ದು ಇವರಿಗೆ. ಜಗಳೂರಿನ ಕಡೆಗೆ ವರ್ಗವಾಗಿ ಹೊರಟ ನರ್ಸಮ್ಮ ಒಬ್ಬರು ತಮ್ಮ ಲೇಡೀಸ್ ಸೈಕಲ್ ಬಿಟ್ಟು ಹೋಗುವವರಿದ್ದರು. ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದ ಹಾಗೆ ಜಾಲರಿ ಇತ್ತು, ಕಿರ್ ಎನ್ನುವ ಗಂಟೆ ಇತ್ತು. ಹೈಸ್ಕೂಲಿನ ಬಯಲಿನಲ್ಲಿ, ಯಾರೂ ಏಳುವ ಮುಂಚೆ, ಇವರು ಹಿಂದೆ ಕ್ಯಾರಿಯರ್ ಹಿಡಿದುಕೊಂಡು ಓಡುತ್ತಿದ್ದರು. ಹದಿನೈದು ದಿನದಲ್ಲಿ ನಾನು ಕಲಿತೆ. ಅಷ್ಟರಲ್ಲಿ ಇವರೇ ಎರಡು ಕೆಜಿ ಇಳಿದಿದ್ದರು.

ಕಲಿತದ್ದೇನೋ ಸರಿ, ಬೀದಿಗೆ ಇಳಿಯುವುದು ಹೇಗೆ? ಆಗೆಲ್ಲ ಟೀಚರಮ್ಮ ಸೈಕಲ್ ಹೊಡೆದರೆ ಶಾಲೆಗೆ, ನರ್ಸಮ್ಮ ಹೊಡೆದರೆ ಹೆರಿಗೆಗೆ. ಮನೆಯಲ್ಲಿರುವ ಹೆಂಗಸು, ಅದೂ ನನ್ನ ಗಾತ್ರದವಳು, ಎಲ್ಲಿಗೂ ಅಲ್ಲದೆ ಸುಮ್ಮನೆ ತುಳಿದುಕೊಂಡು ಹೋದರೆ ಜನ ಏನಂದಾರು? ಎರಡು ದಿನ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಹಿಟ್ಟಿನ ಡಬ್ಬಿಯನ್ನು ಕ್ಯಾರಿಯರಿಗೆ ಹಳೇ ಟ್ಯೂಬಿನಿಂದ ಬಿಗಿದೆ. ಗಿರಣಿ ಹೊಳೆ ಸೇತುವೆಯ ದಾರಿಯಲ್ಲಿ ಇತ್ತು. ಗಿರಣಿಗೆ ಹೋಗುವವಳ ಹಾಗೆ ಹೋಗುವುದು, ಗಿರಣಿ ದಾಟಿ ಸೇತುವೆಯವರೆಗೆ ತುಳಿಯುವುದು, ವಾಪಸು ಬರುವುದು. ಖಾಲಿ ಡಬ್ಬಿ ದಾರಿಯುದ್ದಕ್ಕೂ ಡಣಡಣ ಎನ್ನುತ್ತಿತ್ತು. ಅದಕ್ಕೆ ಒಳಗೊಂದು ಹಳೇ ದುಪ್ಪಟಿ ತುರುಕಿದೆ.

ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ. "ಗಿರಣಿಗಾ?" ಎಂದು ಕೇಳುತ್ತಿದ್ದರು, "ಹೌದ್ರೀ" ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ದಿನಾ ಅಷ್ಟೊಂದು ಹಿಟ್ಟು ಏನು ಮಾಡುತ್ತಾರೆಂದು ಬೀದಿಯವರು ಮಾತಾಡಿಕೊಂಡಿರಬಹುದು. ನನ್ನ ಮೈ ನೋಡಿ ಉತ್ತರ ಸಿಕ್ಕಿಯೂ ಇರಬಹುದು.

ಒಂದು ದಿನ ಗಿರಣಿಯ ಬಾಗಿಲಲ್ಲೇ ಪಕ್ಕದ ಮನೆಯ ಗೌರಕ್ಕ ನಿಂತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಇನ್ನೂ ದೊಡ್ಡದು. "ಬಾ ಬಾ, ಇವತ್ತು ರಶ್ ಇಲ್ಲ," ಎಂದು ಕರೆದಳು. ದಾಟಿ ಹೋಗುವ ಹಾಗಿರಲಿಲ್ಲ. ಇಳಿದೆ. ಗಿರಣಿ ನಡೆಸುತ್ತಿದ್ದ ಬುಡೇನ್ ಸಾಬರು ಹುಬ್ಬು ರೆಪ್ಪೆಯೆಲ್ಲ ಹಿಟ್ಟು ಮಾಡಿಕೊಂಡೇ ಬಂದು, ನಾನು ಬೇಡ ಎನ್ನುವ ಮೊದಲೇ ಡಬ್ಬಿ ಬಿಚ್ಚಿ ಒಳಗೆ ಒಯ್ದರು. ಮುಚ್ಚಳ ತೆಗೆದು, ಯಂತ್ರದ ಬಾಯಿಗೆ ಸುರಿಯಲು ಎತ್ತಿದವರು ಹಾಗೇ ನಿಂತರು. ಒಳಗೆ ಕೈ ಹಾಕಿ ದುಪ್ಪಟಿಯ ತುದಿ ಎಳೆದು ನೋಡಿದರು. ಮತ್ತೆ ಒಳಗೆ ತುರುಕಿದರು. ಗೌರಕ್ಕ ತನ್ನ ಹಿಟ್ಟು ತುಂಬಿಸಿಕೊಂಡು ಹೋಗುವವರೆಗೆ ಏನೂ ಹೇಳಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಅಮ್ಮಾ, ಇದನ್ನ ಬೀಸಾಕೆ ಆಗಲ್ಲ," ಎಂದರು.

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಡಾಕ್ಟರು ಹೇಳಿದ್ದು, ಅವ್ವನ ಕೈ, ಒಂಬತ್ತು ವರ್ಷ, ಎಲ್ಲವನ್ನೂ ಹೇಳಿಬಿಟ್ಟೆ. ಹೊರಗಿನ ಗಂಡಸರ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು. ಸಾಬರು ಕೇಳಿಸಿಕೊಂಡು, ಹೆಗಲ ಮೇಲಿನ ಟವೆಲಿನಿಂದ ಮೂಲೆಯಲ್ಲಿದ್ದ ಮೂಟೆ ತೂಗುವ ತಕ್ಕಡಿಯನ್ನು ಒರೆಸಿದರು. "ಹತ್ರಿ. ಎಷ್ಟೈತೆ ಅಂತ ಗೊತ್ತಿಲ್ದೆ ಹೆಂಗೆ ಇಳಿಸ್ತೀರಿ?" ಎಂದರು. ಮುಳ್ಳು ನಿಂತ ಮೇಲೆ ಕೆಜಿ ಲೆಕ್ಕ ಹೇಳದೆ, ಮೂಟೆಯ ಲೆಕ್ಕ ಹೇಳಿದರು. ಅವರ ಮೂಟೆ ನೂರು ಕೆಜಿಯದು. "ಮೂಟೆಗೆ ಹದಿನಾಲ್ಕು ಕಮ್ಮಿ." ಹಾಗೆ ಕೇಳಿದಾಗ ಅಷ್ಟೇನೂ ನಾಚಿಕೆ ಆಗಲಿಲ್ಲ. ಕಮ್ಮಿ ಅನ್ನುವ ಪದವೇ ಸಮಾಧಾನ.

ಅವತ್ತಿನಿಂದ ವಾರಕ್ಕೊಮ್ಮೆ, ಗಿರಾಕಿಗಳಿಲ್ಲದ ಹೊತ್ತು ನೋಡಿ ತೂಕ. ನಾನು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ, ಅವರು ಹೇಳುತ್ತಿದ್ದರು. ಎರಡನೇ ವಾರ ಹದಿನಾಲ್ಕೇ. ಮೂರನೇ ವಾರ ಹದಿಮೂರು. ನಾಲ್ಕನೇ ವಾರ ಹನ್ನೆರಡು. ಇಳಿಯುತ್ತಾ ಇದೆ ಎಂದು ಖುಷಿಯಿಂದ ಕಣ್ಣು ಬಿಟ್ಟರೆ ಸಾಬರ ಮುಖ ಬಾಡಿತ್ತು. ಆಮೇಲೆ ಹೊಳೆಯಿತು. ಮೂಟೆಯ ಲೆಕ್ಕದಲ್ಲಿ ಇಳಿದರೆ ನನ್ನ ಲೆಕ್ಕದಲ್ಲಿ ಏರಿದ ಹಾಗೆ.

ಕಾರಣ ನಮ್ಮ ಮನೆಯವರು. ಹೆಂಡತಿ ಪಾಪ ಇಷ್ಟು ತುಳಿಯುತ್ತಾಳೆ, ಸೊರಗಿ ಹೋದಾಳು ಎಂದು ಸಂಜೆ ಬರುವಾಗ ಪೊಟ್ಟಣ ತುಂಬ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರುತ್ತಿದ್ದರು. ನಾನೂ ಬೆಳಿಗ್ಗೆ ಸೇತುವೆ ಮುಟ್ಟಿ ಬಂದಿದ್ದೇನೆ ಎನ್ನುವ ಧೈರ್ಯದಲ್ಲಿ ಒಂದು ಬಜ್ಜಿ ಜಾಸ್ತಿಯೇ ತಿನ್ನುತ್ತಿದ್ದೆ. ಹೊಸದಾಗಿ ಸೈಕಲ್ ಕಲಿತವರಿಗೆ ಒಂದು ಮಾತು ಹೇಳುತ್ತೇನೆ. ಹಸಿವು ನಮಗಿಂತ ಮುಂಚೆ ಮನೆ ಸೇರಿರುತ್ತದೆ.

ಆ ಹನ್ನೆರಡು ಕೇಳಿದ ಮೇಲೆ ನನ್ನ ಉತ್ಸಾಹ ಸತ್ತಿತು. ಸೈಕಲ್ಲನ್ನು ಹಿತ್ತಿಲ ಗೋಡೆಗೆ ಒರಗಿಸಿ, ಮೇಲೆ ಒದ್ದೆ ಬಟ್ಟೆ ಹರವಿದೆ. ಐದು ದಿನ ಮುಟ್ಟಲಿಲ್ಲ. ಹಣೆಯಲ್ಲಿ ಬರೆದದ್ದು ಬರೆದಾಗಿದೆ, ಅವ್ವನ ಮೈ ಬಂದಿದೆ, ಅವ್ವನ ಕಾಯಿಲೆಯೂ ಬರುತ್ತದೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದರಲ್ಲಿ ಒಂದು ಸುಖವೂ ಇತ್ತು. ಬೆಳಿಗ್ಗೆ ಅರ್ಧ ಗಂಟೆ ಜಾಸ್ತಿ ಮಲಗಬಹುದಲ್ಲ.

ಆರನೇ ದಿನ ಬೆಳಿಗ್ಗೆ ಗೌರಕ್ಕ ಬಂದು ಒಂದು ಡಬ್ಬಿ ಜೋಳವನ್ನು ನಮ್ಮ ಜಗಲಿಯ ಮೇಲೆ ಧಡ್ ಎಂದು ಇಟ್ಟಳು. "ನೀನು ಹೆಂಗೂ ದಿನಾ ಹೋಗ್ತೀಯಂತೆ, ನಂದೂ ಒಯ್ದು ಬಿಡು. ನನ್ನ ಮೊಣಕಾಲು ಹಿಡಕಂಡೈತೆ. ಸಾಬ್ರೇ ಹೇಳಿ ಕಳಿಸ್ಯಾರೆ, ಆ ಅಮ್ಮನ ಕೈಲಿ ಕೊಡ್ರಿ ಅಂತ."

ಅವಳ ಮನೆಯಲ್ಲಿ ಆರು ಜನಕ್ಕೆ ರೊಟ್ಟಿ ಆಗಬೇಕಿತ್ತು. ಇಲ್ಲ ಎನ್ನುವುದು ಹೇಗೆ? ಒದ್ದೆ ಬಟ್ಟೆ ತೆಗೆದೆ. ತುಂಬಿದ ಡಬ್ಬಿ ಕಟ್ಟಿಕೊಂಡು ತುಳಿದರೆ ಸೈಕಲ್ಲಿನ ಮುಂಭಾಗ ಗಾಳಿಪಟದ ಹಾಗೆ ಎದ್ದು ಎದ್ದು ಬೀಳುತ್ತಿತ್ತು. ಗಿರಣಿ ಮುಟ್ಟುವಷ್ಟರಲ್ಲಿ ರವಿಕೆ ನೆನೆದಿತ್ತು. ಸಾಬರ ಮೇಲೆ ಸಿಟ್ಟು ಬಂದಿತ್ತು, ನನ್ನನ್ನು ಹಮಾಲಿ ಮಾಡಿದಿರಾ ಎಂದು ಕೇಳಿಯೂಬಿಟ್ಟೆ. ಅವರು ಯಂತ್ರದ ಸದ್ದಿನ ಮಧ್ಯೆ ಬಾಗಿ, "ದುಪ್ಪಟಿ ತಂದ್ರೆ ಒಂದಿನ ತರ್ತೀರಿ, ಒಂದಿನ ಬಿಡ್ತೀರಿ. ಕೇಳೋರು ಯಾರು? ಮಂದಿ ಜೋಳ ಆದ್ರೆ ಹಂಗೆ ಬಿಡಾಕೆ ಬರಲ್ಲಮ್ಮ," ಎಂದರು.

ಆ ಮಾತು ಡಾಕ್ಟರ ಚೀಟಿಗಿಂತ ಹೆಚ್ಚು ಕೆಲಸ ಮಾಡಿತು. ಗೌರಕ್ಕನ ಹಿಂದೆ ಇನ್ನೊಂದು ಮನೆ, ಅದರ ಹಿಂದೆ ಮತ್ತೊಂದು. ಇವತ್ತು ಮೈ ಭಾರ ಎಂದರೆ ಒಂದು ಮನೆಯಲ್ಲಿ ರೊಟ್ಟಿ ಇಲ್ಲ. ಹಾಗಾಗಿ ತಲೆನೋವಿದ್ದರೂ ಹೋದೆ, ಜಡಿಮಳೆಯಲ್ಲಿ ಡಬ್ಬಿಯ ಮೇಲೆ ಗೋಣಿಚೀಲದ ಗೊಪ್ಪೆ ಹಾಕಿಕೊಂಡು ಹೋದೆ. ಬಜ್ಜಿಯ ಪೊಟ್ಟಣ ಇವರ ಕೈಯಿಂದಲೇ ವಾಪಸು ಮಾಡಿಸಿದೆ ಎಂದರೆ ಸುಳ್ಳಾಗುತ್ತದೆ. ಒಂದೇ ಬಜ್ಜಿ ಎಂದು ಕರಾರು ಮಾಡಿಕೊಂಡೆ. ಬೀದಿಯವರು ನಗಲಿಲ್ಲವೇ? ನಕ್ಕರು. ಆದರೆ ತಮ್ಮ ಡಬ್ಬಿ ನನ್ನ ಕ್ಯಾರಿಯರಿನಲ್ಲಿ ಇರುವಾಗ ಎಷ್ಟು ನಕ್ಕಾರು?

ಹದಿನೈದು, ಹದಿನಾರು, ಹದಿನಾರೇ, ಹದಿನೆಂಟು. ಸಾಬರು ಹೇಳುತ್ತಾ ಹೋದರು. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಮೂಟೆಗೆ ಇಪ್ಪತ್ತೊಂದು ಕಮ್ಮಿ. ಡಾಕ್ಟರು ಹೇಳಿದ ಹತ್ತು ಆಗಲೇ ಇಲ್ಲ, ಏಳಕ್ಕೇ ನಿಂತಿತು. ಆದರೆ ಬಿ.ಪಿ. ಇಳಿದಿತ್ತು. ಶಿವಮೊಗ್ಗದಿಂದ ಬಂದ ಮಾರನೆಯ ದಿನ ನಾನು ಒಂದು ಹುಚ್ಚು ಕೆಲಸ ಮಾಡಿದೆ. ಬೆಳಕು ಹರಿಯುತ್ತಿದ್ದ ಹಾಗೆ ಡಬ್ಬಿ ತುಂಬ ಹೊಸ ಹಿಟ್ಟು ಕಟ್ಟಿಕೊಂಡು, ಸೈಕಲ್ ಮೇಲೆ ನ್ಯಾಮತಿಗೆ ಹೊರಟೆ. ಅವ್ವ ಆಗ ತಮ್ಮನ ಮನೆಯಲ್ಲಿ ಇದ್ದಳು.

ದಾರಿಯಲ್ಲಿ ನಾಲ್ಕು ಕಡೆ ಇಳಿದೆ. ಸೂರಗೊಂಡನಕೊಪ್ಪದ ಕಡೆ ಹೊರಟಿದ್ದ ಲಂಬಾಣಿ ಹೆಂಗಸರು ನನ್ನ ಪಕ್ಕಕ್ಕೆ ಬಂದು, "ಹಿಟ್ಟು ಮಾರಾಕೆ ಹೊಂಟೀಯೇನವ್ವ?" ಎಂದು ಕೇಳಿದರು. ನಮ್ಮವ್ವಗೆ ತೋರಿಸಾಕೆ ಎಂದೆ. ಹಿಟ್ಟನ್ನೋ ಎಂದು ಒಬ್ಬಳು ಕೇಳಿದಳು. ನಾನು ನಕ್ಕೆ, ಅವರೂ ನಗುತ್ತಾ ಮುಂದೆ ಹೋದರು.

ಅವ್ವ ಜಗಲಿಯಲ್ಲಿ ಕುಳಿತಿದ್ದಳು. ಸೈಕಲ್ ನೋಡಿದಳು, ನನ್ನನ್ನು ನೋಡಿದಳು, ಯಾರೋ ಅಂದುಕೊಂಡು ಮುಖ ತಿರುಗಿಸಿದಳು. ಹತ್ತಿರ ಹೋಗಿ ಕುಳಿತ ಮೇಲೆ, ಎಡಗೈಯಿಂದ ನನ್ನ ಬಲಗೈ ಹಿಡಿದಳು. ಬಳೆಯನ್ನು ಮೇಲಕ್ಕೆ ದೂಡಿದಳು. ಅದು ಸರ್ರನೆ ಮೊಣಕೈಯ ಹತ್ತಿರ ಹೋಯಿತು. ಕೆಳಗೆ ಬಿಟ್ಟಳು, ಮುಂಗೈಗೆ ಬಂತು. ಮತ್ತೆ ದೂಡಿದಳು. ಮಕ್ಕಳ ಆಟದ ಹಾಗೆ ಅದೆಷ್ಟು ಹೊತ್ತು ಮಾಡಿದಳೋ. "ಸಡ್ಲ... ಸಡ್ಲ ಆಗೈತೆ," ಎಂದಳು. ಲಕ್ವ ಹೊಡೆದ ಮೇಲೆ ಅವಳ ಬಾಯಿಂದ ಅಷ್ಟು ಸ್ಪಷ್ಟವಾಗಿ ಬಂದ ಮಾತನ್ನು ನಾನು ಕೇಳಿರಲಿಲ್ಲ.

ಇದೆಲ್ಲ ಆಗಿ ಹತ್ತು ವರ್ಷ. ಹೊನ್ನಾಳಿ ಬಿಟ್ಟು ಚನ್ನಗಿರಿಗೆ ಬಂದೆವು, ಮಕ್ಕಳು ದಾವಣಗೆರೆಯ ಹಾಸ್ಟೆಲು ಸೇರಿದರು, ಅವ್ವ ಹೋದ ವರ್ಷದಿಂದ ನಮ್ಮಲ್ಲೇ ಇದ್ದಾಳೆ. ಇಲ್ಲಿ ಯಾರ ಜೋಳವೂ ನನ್ನ ಪಾಲಿಗೆ ಇಲ್ಲ, ನಮ್ಮದೊಂದೇ. ದಿನಾ ಎನ್ನುವುದು ವಾರಕ್ಕೊಮ್ಮೆ ಆಯಿತು. ಈಗ ಅದೂ ಬೇಡವೆಂದು ಬೀದಿಯ ಮೂಲೆಯಲ್ಲೇ ಗಿರಣಿ ಬಂದಿದೆ. ಮೊನ್ನೆ ಯುಗಾದಿಗೆ ನನಗೆ ನಲವತ್ತಮೂರು ತುಂಬಿತು. ಅವ್ವನ ನಲವತ್ತೆರಡನ್ನು ಸದ್ದಿಲ್ಲದೆ ದಾಟಿಬಿಟ್ಟೆ, ಇನ್ನೇನು ಎಂದು ಒಳಗೊಳಗೇ ಬೀಗುತ್ತಿದ್ದೆ.

ಇವತ್ತು ಸಂಜೆ ಆ ಬಿಸಿ ಹಿಟ್ಟು ನಾದಿ ರೊಟ್ಟಿ ಬಡಿಯುವಾಗ ಅವ್ವ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ಏನನ್ನಿಸಿತೋ, ಎಡಗೈ ಚಾಚಿ ನನ್ನ ಬಳೆ ಹಿಡಿದು ಮೇಲಕ್ಕೆ ದೂಡಿದಳು. ಅದು ಒಂದು ಬೆರಳಿನಷ್ಟು ಹೋಗಿ ನಿಂತಿತು. ಮತ್ತೆ ದೂಡಿದಳು. ನಿಂತಿತು.

"ಬಿಗಿ," ಎಂದಳು.

ಇವರೇ ಹಿಟ್ಟು ಮಾಡಿಸಿ ತಂದುಬಿಟ್ಟಾರೆ, ಇನ್ನು ಗಿರಣಿಗೆ ಯಾವ ನೆಪದಲ್ಲಿ ಹೋಗಲಿ ಅವ್ವ ಎಂದೆ. ಅವಳಿಗೆ ದುಪ್ಪಟಿಯ ಕಥೆ ಎಂದೋ ಹೇಳಿದ್ದೆ, ಮರೆತಿರಬೇಕು ಅಂದುಕೊಂಡಿದ್ದೆ. ಅವಳ ಬಾಯಿಯ ಎಡಗಡೆ ಮಾತ್ರ ನಕ್ಕಿತು. "ಖಾಲಿ ಹೋಗು," ಎಂದಳು.

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಹಿತ್ತಿಲಿಗೆ ಹೋದೆ. ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟೆ, ಗಾಳಿ ಹೊಡೆದೆ. ಕ್ಯಾರಿಯರಿಗೆ ಸುತ್ತಿದ್ದ ಹಳೇ ಟ್ಯೂಬ್ ಬಿಚ್ಚಿ ಗೂಟಕ್ಕೆ ನೇತು ಹಾಕಿದೆ. ನಾಳೆ ಬೆಳಿಗ್ಗೆ ಡಬ್ಬಿ ಇಲ್ಲದೆ ಹೊರಡುತ್ತೇನೆ. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ತೂಕ ಇಳಿಸುವುದಕ್ಕೆ ಎನ್ನುತ್ತೇನೆ. ಇಷ್ಟು ಹೇಳುವುದಕ್ಕೆ ನನಗೆ ಹತ್ತು ವರ್ಷ ಬೇಕಾಯಿತು ನೋಡಿ. ಒಳಗೆ ಬಂದಾಗ ರೊಟ್ಟಿ ಒಂದು ಕಡೆ ಸೀದಿತ್ತು.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ, ಮಜ್ಜಿಗೆ. ಸೀದ ರೊಟ್ಟಿಯನ್ನು ಇವರು ತಕರಾರಿಲ್ಲದೆ ತಿಂದರು, ಸೈಕಲ್ಲಿನ ಮಾತು ಮತ್ತೆ ಎತ್ತಲಿಲ್ಲ. ನಾನು ಎರಡೇ ರೊಟ್ಟಿಗೆ ಕೈ ತೊಳೆದೆ. ಮೊದಲು ಮಲಗಿದವಳು ಅವ್ವ, ನನ್ನ ಬಳೆಯನ್ನು ಎಡಗೈಯಲ್ಲಿ ಹಿಡಿದುಕೊಂಡೇ.