ಹೋರಿ ಹಾಯ್ದರೂ ಉಳಿಯುವ ಆಮೆ

ಮಾನ್ವಿಯಿಂದ ರಾಯಚೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಸೀಟು ಅವರದು, ಪಕ್ಕದ್ದು ನನ್ನದು. ಅವರು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಬಸ್ಸು ಹೊರಟಿತೆಂದರೆ ಇಬ್ಬರ ಫೋನಿನಲ್ಲೂ ದೈತ್ಯ ಪ್ರಾಣಿಗಳ ಕಾಳಗ ಶುರು.

ಆ ಆಟದಲ್ಲಿ ಪ್ರತಿ ಪ್ರಾಣಿಗೂ ಇಷ್ಟೇ ಪಾಯಿಂಟು. ಹೊಡೆತಕ್ಕೆಷ್ಟು, ಗುದ್ದು ತಾಳಲು ಎಷ್ಟು, ಬೆಂಕಿ ತಾಳಲು ಎಷ್ಟು ಎಂದು ನಾವೇ ಹಂಚಬೇಕು. ನಾನು ನನ್ನ ಹೋರಿಗೆ ಎಲ್ಲವನ್ನೂ ಹೊಡೆತಕ್ಕೇ ಸುರಿದಿದ್ದೆ. ಅವರು ತುಟಿ ಕಚ್ಚಿಕೊಂಡು ತಮ್ಮ ಆಮೆಗೆ ಒಂದೊಂದೇ ಪಾಯಿಂಟು ಏರಿಸುತ್ತ, ಇಳಿಸುತ್ತ, "ಮೊದ್ಲು ತಡಕೋಬೇಕ್ರಿ, ಆಮ್ಯಾಲ ಹೊಡಿಯೂದು" ಅನ್ನುತ್ತಿದ್ದರು. ನನ್ನ ಹೋರಿ ಹಾಯ್ದರೂ ಅವರ ಆಮೆಯಲ್ಲಿ ಎಳ್ಳಷ್ಟು ಜೀವ ಉಳಿದಿರುತ್ತಿತ್ತು. ಆಗ ಉಂಗುರದ ಬೆರಳಿನಿಂದ ಕಿಟಕಿಯ ಸರಳನ್ನು ಟಣ್ ಎನಿಸುತ್ತಿದ್ದರು.

ಒಮ್ಮೆ ರಾಯಚೂರಿನಲ್ಲಿ ಈ ಆಟದ ಪಂದ್ಯ ಏರ್ಪಟ್ಟಿತು. ಅವರು ಗೆದ್ದೇ ಗೆಲ್ಲುತ್ತಾರೆಂದು ಒತ್ತಾಯ ಮಾಡಿ ಕರೆದೊಯ್ದೆ. ಮೊದಲ ಆಟದಲ್ಲೇ ಬೆಂಕಿ ಉಗುಳುವ ಹಾವೊಂದು ಆಮೆಯನ್ನು ಒಂದೇ ಏಟಿಗೆ ಮಲಗಿಸಿತು. ಪಾಯಿಂಟನ್ನೆಲ್ಲ ಅವರು ಗುದ್ದು ತಾಳಲಿಕ್ಕೇ ಇಟ್ಟಿದ್ದರು.

"ಪಂದ್ಯಕ್ಕಾದ್ರೂ ಬದಲು ಮಾಡಬಾರದೇನ್ರಿ?" ಅಂದೆ.

"ಇವರ ಕೂಡ ಇವತ್ತೊಂದಿನ ಆಡೂದು. ನಿಮ್ಮ ಕೂಡ ದಿನಾ ಆಡಬೇಕಲ್ರಿ," ಅಂದರು.

ಆಮೇಲೆ ಅವರಿಗೆ ದೇವದುರ್ಗಕ್ಕೆ ವರ್ಗವಾಯಿತು. ಬಸ್ಸು ದಾರಿಯ ಕಲ್ಮಲ ಊರನ್ನು ದಾಟುವಾಗ ಒಮ್ಮೊಮ್ಮೆ ಕಿಟಕಿಯ ಸರಳು ತಾನಾಗಿ ಸದ್ದು ಮಾಡುತ್ತದೆ, ನಾನು ತಿರುಗಿ ನೋಡುತ್ತೇನೆ. ಆಟ ಈಗ ಹೊಸ ಪಾಯಿಂಟು ಕೊಟ್ಟಿದೆ. ಹೋರಿಯ ಹೊಡೆತಕ್ಕೆ ಸೇರಿಸೆಂದು ಗೆಳೆಯರು ಗಂಟುಬಿದ್ದಿದ್ದಾರೆ. ಸೇರಿಸಿಲ್ಲ. ಎಂದಾದರೂ ಅವರು ಮತ್ತೆ ಆಡಲು ಬಂದರೆ, ಆಮೆ ತಡೆದುಕೊಳ್ಳಬೇಕಲ್ಲ.